ಕೇಳದೆ ಉಳಿದ ಒಂದು ಪ್ರಶ್ನೆ

ಅಮಾವಾಸ್ಯೆ ಬಂತೆಂದರೆ ಹರಿಹರದಿಂದ ಉಕ್ಕಡಗಾತ್ರಿಗೆ ಹೋಗುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತುಂಗಭದ್ರೆಯ ದಡದ ಆ ಸಣ್ಣ ಊರಿನಲ್ಲಿ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ ಇದೆ. ಮೈಯಲ್ಲಿ ನೆಮ್ಮದಿ ಇಲ್ಲದವರು, ಮನಸ್ಸು ಕದಡಿದವರು, ಗಾಳಿ ಹಿಡಿದಿದೆ ಎಂದು ಮನೆಯವರು ನಂಬಿ ಕರೆತಂದವರು, ಔಷಧಿಗೆ ಹಣ ಸುರಿದು ಸೋತವರು ಎಲ್ಲರೂ ಅಲ್ಲಿಗೆ ಬರುತ್ತಾರೆ. ನದಿಯಲ್ಲಿ ಮುಳುಗಿ ಎದ್ದು ಗುಡಿಗೆ ಹೋಗುತ್ತಾರೆ. ಉಟ್ಟ ಬಟ್ಟೆಯನ್ನು ನೀರಿಗೆ ಬಿಟ್ಟರೆ ಪೀಡೆ ಕಳೆಯಿತೆಂದು ತಿಳಿದವರೂ ಅವರಲ್ಲಿ ಉಂಟು. ಯಾರ ಭಕ್ತಿಯನ್ನೂ ಹಂಗಿಸುವುದಕ್ಕೆ ನಾವು ಈ ಮಾತು ತೆಗೆದಿಲ್ಲ. ಅಲ್ಲಿ ಕೂಡುವ ಜನ ನಮ್ಮವರೇ. ಗಿರಣಿಯವರು, ಗದ್ದೆಯವರು, ಸಂತೆಯಲ್ಲಿ ಕೂತು ಬಳೆ, ಕುಂಕುಮ, ಕಾಯಿ ಮಾರುವವರು. ಅವರು ಕಾಲಿಡುವ ನೀರಿನ ಬಗೆಗೆ, ಆ ನೀರಿನ ದಡದ ಕೆಸರಿನ ಬಗೆಗೆ, ಒಂದು ಮಾತು ಹೇಳಬೇಕಾಗಿದೆ.

ಮಳೆಗಾಲದಲ್ಲಿ ಮಲೆನಾಡಿನ ನೀರು ಇಳಿದು ಬಂದಾಗ ಈ ನದಿ ದಡ ಮೀರುತ್ತದೆ. 2019ರ ಆಗಸ್ಟಿನಲ್ಲಿ ಮೀರಿದ್ದನ್ನು ಹರಿಹರ ತಾಲೂಕಿನವರು ಮರೆತಿಲ್ಲ. ಉಕ್ಕಡಗಾತ್ರಿಯಿಂದ ಫತ್ತೇಪುರದ ಕಡೆಗಿರುವ ರಸ್ತೆ ಮುಳುಗುತ್ತದೆ, ಸ್ನಾನಘಟ್ಟ ಮುಳುಗುತ್ತದೆ, ಹರಿಹರದ ಗಂಗಾನಗರದ ಮನೆಗಳಿಗೆ ನೀರು ನುಗ್ಗುತ್ತದೆ. ಆಗ ಅಧಿಕಾರಿಗಳು ಬರುತ್ತಾರೆ, ಗಂಜಿ ಕೇಂದ್ರ ತೆರೆಯುತ್ತಾರೆ, ಪತ್ರಿಕೆಯವರು ಚಿತ್ರ ತೆಗೆಯುತ್ತಾರೆ. ನೀರು ಇಳಿಯುತ್ತದೆ. ಅಧಿಕಾರಿಗಳೂ ಇಳಿಯುತ್ತಾರೆ. ಉಳಿಯುವುದು ಕೆಸರು. ಆ ಕೆಸರನ್ನು ಬರಿಗಾಲಿನಲ್ಲಿ, ಬರಿಗೈಯಲ್ಲಿ ಎತ್ತಿ ಹಾಕುವವರು ಮನೆಯ ಹೆಂಗಸರು ಮತ್ತು ಪೌರಕಾರ್ಮಿಕರು. ಅದಾದ ಒಂದೆರಡು ವಾರಕ್ಕೆ ಅವರಲ್ಲಿ ಯಾರಿಗಾದರೂ ಜ್ವರ ಬಂದರೆ, ನೆರೆಗೂ ಆ ಜ್ವರಕ್ಕೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯುವುದಿಲ್ಲ.

ಸಂಬಂಧವಿರಬಹುದು. ಅದರ ಹೆಸರು ಇಲಿ ಜ್ವರ. ವೈದ್ಯರ ಭಾಷೆಯಲ್ಲಿ ಲೆಪ್ಟೊಸ್ಪೈರೋಸಿಸ್. ಉಕ್ಕಡಗಾತ್ರಿಯಲ್ಲಿ ಈ ಜ್ವರ ಹಬ್ಬಿದೆ ಎಂದು ನಾವು ಹೇಳುತ್ತಿಲ್ಲ. ಇಲ್ಲದ ಗಾಬರಿ ಎಬ್ಬಿಸುವುದು ಪತ್ರಿಕೆಯ ಕೆಲಸವಲ್ಲ. ಆದರೆ ಈ ಜ್ವರಕ್ಕೆ ಬೇಕಾದುದೆಲ್ಲವೂ ನಮ್ಮ ಸುತ್ತ ಇದೆ. ನೆರೆ ಇದೆ, ಭದ್ರಾ ಕಾಲುವೆಯ ನೀರು ನಿಲ್ಲುವ ಭತ್ತದ ಗದ್ದೆ ಇದೆ, ಅಕ್ಕಿ ಗಿರಣಿ ಇದೆ, ಕಾಳಿನ ಗೋದಾಮು ಇದೆ, ತೆರೆದ ಚರಂಡಿ ಇದೆ, ಬರಿಗಾಲು ಇದೆ. ಇಲಿಗಳಿಗಂತೂ ಬರವಿಲ್ಲ. ಇಲಿ ಜ್ವರವನ್ನು ತಡೆಯಲು ಕೇಂದ್ರ ಸರಕಾರ ಹಾಕಿಕೊಂಡ ಕಾರ್ಯಕ್ರಮದಲ್ಲಿ ಗುಜರಾತ್, ಮಹಾರಾಷ್ಟ್ರ, ಕೇರಳ, ತಮಿಳುನಾಡು, ಅಂಡಮಾನ್‌ಗಳ ಜೊತೆಗೆ ಕರ್ನಾಟಕದ ಹೆಸರೂ ಇದೆ. ಆದುದರಿಂದ ಇದು ಪರದೇಶದ ಕಾಯಿಲೆ ಎಂದು ಯಾರೂ ಕೈ ತೊಳೆದುಕೊಳ್ಳುವಂತಿಲ್ಲ.

ಈ ಜ್ವರ ಬರುವ ಬಗೆಯನ್ನು ಬಿಡಿಸಿ ಹೇಳುತ್ತೇವೆ. ಇದಕ್ಕೆ ಕಾರಣ ಒಂದು ಸುರುಳಿ ಕ್ರಿಮಿ. ದಾರಕ್ಕೆ ಹುರಿ ಹಾಕಿದಂತೆ ಸುತ್ತಿಕೊಂಡಿರುತ್ತದೆ. ತುದಿ ಕೊಂಡಿಯಂತೆ ಬಾಗಿರುತ್ತದೆ. ಎಷ್ಟು ತೆಳ್ಳಗೆ ಎಂದರೆ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೆ ಬೀಳುವುದಿಲ್ಲ, ಕತ್ತಲ ಹಿನ್ನೆಲೆಯಲ್ಲಿ ಬೆಳಕು ಹಾಯಿಸಿ ನೋಡಬೇಕು. ಇದು ಇಲಿಯ ಮೂತ್ರಪಿಂಡದಲ್ಲಿ ಮನೆ ಮಾಡಿಕೊಂಡಿರುತ್ತದೆ. ಇಲಿಗೆ ಏನೂ ಆಗುವುದಿಲ್ಲ, ಅದು ಆರೋಗ್ಯವಾಗಿ ಓಡಾಡಿಕೊಂಡು ಹೋದಲ್ಲೆಲ್ಲ ಉಚ್ಚೆಯ ಮೂಲಕ ಕ್ರಿಮಿಯನ್ನು ಚೆಲ್ಲುತ್ತದೆ. ನಾಯಿ, ಹಂದಿ, ದನ, ಎಮ್ಮೆಗಳಿಂದಲೂ ಬರಬಹುದು. ಬಿಸಿಲಿಗೆ ಒಣಗಿದರೆ ಈ ಕ್ರಿಮಿ ಸಾಯುತ್ತದೆ. ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕಿರಬಲ್ಲದು. ಅಲ್ಲಿಂದ ಕಾಲಿನ ಬಿರುಕು, ಕೈಯ ಗಾಯ, ನೀರಿನಲ್ಲಿ ನೆನೆದು ಮೆತ್ತಗಾದ ಚರ್ಮ, ಕಣ್ಣು, ಮೂಗು, ಬಾಯಿ ಇವುಗಳ ಮೂಲಕ ಮನುಷ್ಯನ ಮೈ ಸೇರುತ್ತದೆ. ಇಲಿ ಕಚ್ಚಬೇಕಾಗಿಲ್ಲ. ಕಚ್ಚಿ ಬರುವ ಜ್ವರ ಬೇರೆ. ಅದಕ್ಕೂ ಇನ್ನೊಂದು ಸುರುಳಿ ಕ್ರಿಮಿ ಕಾರಣವಾಗುವುದುಂಟು, ಆದರೆ ನಾವು ಹೇಳುತ್ತಿರುವುದು ಅದಲ್ಲ.

ಮೈ ಸೇರಿದ ಮೇಲೆ ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನದೊಳಗೆ ಜ್ವರ ಏರುತ್ತದೆ. ಚಳಿ, ತಲೆನೋವು, ಸೊಂಟ ನೋವು. ಮುಖ್ಯವಾಗಿ ಮೀನಖಂಡದಲ್ಲಿ ಮುಟ್ಟಲಾಗದ ನೋವು. ಕಣ್ಣು ಕೆಂಪಾಗುತ್ತದೆ, ಆದರೆ ಪಿಸುರು ಇರುವುದಿಲ್ಲ. ಹೆಚ್ಚಿನ ಜನಕ್ಕೆ ಇಷ್ಟರಲ್ಲೇ ವಾಸಿಯಾಗುತ್ತದೆ. ಹತ್ತರಲ್ಲಿ ಒಬ್ಬರಿಗೆ ಹೇಳಬಹುದಾದಷ್ಟು ಮಂದಿಗೆ ಮಾತ್ರ ಜ್ವರ ಒಳಗಿಳಿಯುತ್ತದೆ. ಆಗ ಕಣ್ಣು ಹಳದಿಯಾಗುತ್ತದೆ, ಮೂತ್ರ ನಿಲ್ಲುತ್ತದೆ, ಕೆಲವರಿಗೆ ಪುಪ್ಪುಸದಲ್ಲಿ ರಕ್ತ ಸೋರಿ ಕೆಮ್ಮಿದರೆ ರಕ್ತ ಬರುತ್ತದೆ. ಅಂಥವರನ್ನು ಉಳಿಸಿಕೊಳ್ಳುವುದು ದೊಡ್ಡಾಸ್ಪತ್ರೆಗೂ ಕಷ್ಟ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಜನಕ್ಕೆ ಈ ರೋಗ ತಗಲುತ್ತದೆ, ಸುಮಾರು 59 ಸಾವಿರ ಮಂದಿ ಸಾಯುತ್ತಾರೆ ಎಂದು 2015ರಲ್ಲಿ ಪ್ರಕಟವಾದ ಒಂದು ಲೆಕ್ಕ ಅಂದಾಜು ಮಾಡಿದೆ.

ಇಷ್ಟು ಸಾವಿಗೆ ಔಷಧಿಯಿಲ್ಲದ ರೋಗವೇ ಎಂದರೆ, ಹಾಗೇನೂ ಇಲ್ಲ. ಮೊದಲ ದಿನಗಳಲ್ಲೇ ಗುರುತಿಸಿದರೆ ಡಾಕ್ಸಿಸೈಕ್ಲಿನ್ ಗುಳಿಗೆ ಸಾಕು. ಜೋರಾದರೆ ಪೆನಿಸಿಲಿನ್ ಚುಚ್ಚುಮದ್ದು. ಎರಡೂ ಹಳೆಯ ಔಷಧಿಗಳು, ಎರಡೂ ಅಗ್ಗ. ಪೆನಿಸಿಲಿನ್ ಬಡವನ ಕೈಗೂ ಎಟುಕಲಿ ಎಂದೇ ಸರಕಾರ 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಕಾರ್ಖಾನೆಯನ್ನು ಸಾರ್ವಜನಿಕ ಹಣದಲ್ಲಿ ಸ್ಥಾಪಿಸಿತು. ಮದ್ದು ಅಂದಿನಿಂದಲೂ ಇದೆ. ಮದ್ದು ಇದ್ದೂ ಮನುಷ್ಯ ಸಾಯುವುದೇಕೆ? ಜ್ವರದ ಹೆಸರು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ತಡವಾಗುವುದಕ್ಕೆ ಕಾರಣ, ಒಂದು ಪ್ರಶ್ನೆಯನ್ನು ಯಾರೂ ಕೇಳದೆ ಇರುವುದು.

ದಾವಣಗೆರೆಯ ಒಬ್ಬ ಹಮಾಲನನ್ನು ಎಣಿಸಿಕೊಳ್ಳಿ. ಕಾಳಿನ ಗೋದಾಮಿನಲ್ಲಿ ಚೀಲ ಹೊರುತ್ತಾನೆ. ಚೀಲದ ಮೇಲೆ ರಾತ್ರಿಯೆಲ್ಲ ಇಲಿ ಓಡಾಡಿರುತ್ತದೆ. ಹೆಗಲು ತರಚಿರುತ್ತದೆ, ಅಂಗಾಲು ಸೀಳಿರುತ್ತದೆ. ಜ್ವರ ಬಂದ ಮೊದಲ ದಿನ ಒಂದು ಗುಳಿಗೆ ನುಂಗಿ ಕೆಲಸಕ್ಕೆ ಹೋಗುತ್ತಾನೆ, ಏಕೆಂದರೆ ಆ ದಿನ ಹೋಗದಿದ್ದರೆ ಆ ದಿನದ ಕೂಲಿ ಇಲ್ಲ. ಮೂರನೆಯ ದಿನ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುತ್ತಾನೆ. "ಎಷ್ಟು ದಿನದಿಂದ ಜ್ವರ?" "ಮೂರು ದಿನ ಆತ್ರೀ." "ಚಳಿ ಬರುತ್ತದೆಯೇ?" "ಬರ್ತದ್ರೀ." ಚೀಟಿ ಬರೆದು ಆಯಿತು. ಅವನ ಹಿಂದೆ ಇನ್ನೂ ಎಪ್ಪತ್ತು ಜನ ನಿಂತಿದ್ದಾರೆ, ವೈದ್ಯರನ್ನು ಬೈದು ಫಲವಿಲ್ಲ. ಡೆಂಗೆ, ಮಲೇರಿಯಾ, ಟೈಫಾಯ್ಡ್ ಮೂರಕ್ಕೂ ರಕ್ತ ನೋಡುತ್ತಾರೆ, ಒಂದೂ ಇಲ್ಲ ಎಂದು ಬರುತ್ತದೆ. ಆರನೆಯ ದಿನ ಕಣ್ಣು ಹಳದಿಯಾಯಿತು. ಆಗ ಓಣಿಯಲ್ಲಿ ತೀರ್ಪು ಬೀಳುತ್ತದೆ: "ಕುಡೀತಿದ್ದ, ಕಾಮಾಲೆ ಆತು." ಹಳ್ಳಿಯಲ್ಲಿ ಬೇರು ಕೊಡುವವರ ಹತ್ತಿರ ಒಯ್ಯುತ್ತಾರೆ, ಕೈಗೆ ಬರೆ ಹಾಕಿಸುತ್ತಾರೆ, ಅಮಾವಾಸ್ಯೆ ಹತ್ತಿರವಿದ್ದರೆ ಉಕ್ಕಡಗಾತ್ರಿಗೂ ಕರೆದೊಯ್ಯುತ್ತಾರೆ. ಮತ್ತೆ ಆಸ್ಪತ್ರೆಗೆ ಬರುವಾಗ ಮೂತ್ರ ನಿಂತಿರುತ್ತದೆ. ಇಷ್ಟರ ನಡುವೆ ಎಲ್ಲಿಯೂ, ಯಾರೂ, "ನೀನು ಏನು ಕೆಲಸ ಮಾಡುತ್ತೀಯಪ್ಪಾ?" ಎಂದು ಕೇಳಿರುವುದಿಲ್ಲ.

ಈ ಪ್ರಶ್ನೆ ಹೊಸದಲ್ಲ. ಇಟಲಿಯ ರಾಮಾಝಿನಿ ಎಂಬ ವೈದ್ಯ 1700ರಲ್ಲಿ ಕಸುಬುದಾರರ ರೋಗಗಳ ಮೇಲೆ ಒಂದು ಗ್ರಂಥ ಬರೆದ. ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳನ್ನು ಹಳೆಯ ಆಚಾರ್ಯರು ಹೇಳಿದ್ದಾರೆ, ಅವುಗಳ ಜೊತೆಗೆ ಅವನ ಕಸುಬು ಏನೆಂಬುದನ್ನೂ ಕೇಳತಕ್ಕದ್ದು ಎಂದು ಅವನು ಸೇರಿಸಿದ. ಮುನ್ನೂರು ವರ್ಷಗಳ ಮೇಲಾಯಿತು. ನಮ್ಮ ಹೊರರೋಗಿ ಚೀಟಿಯಲ್ಲಿ ಹೆಸರಿಗೆ, ವಯಸ್ಸಿಗೆ ಜಾಗವಿದೆ. ಕಸುಬನ್ನು ಕೇಳಿ ಬರೆಯುವ ರೂಢಿ ಬೆಳೆದಿಲ್ಲ.

ಕಸುಬು ಕೇಳಿದವರಿಗೇ ಇಲಿ ಜ್ವರ ತನ್ನ ಗುಟ್ಟು ಬಿಟ್ಟುಕೊಟ್ಟಿತು ಎಂಬುದನ್ನು ಇತಿಹಾಸ ಹೇಳುತ್ತದೆ. 1886ರಲ್ಲಿ ಜರ್ಮನಿಯ ವೈಲ್ ಎಂಬ ವೈದ್ಯ ಈ ಕಾಮಾಲೆ ಜ್ವರವನ್ನು ವರ್ಣಿಸಿದ, ಕಾರಣ ಗೊತ್ತಾಗಲಿಲ್ಲ. ಗೊತ್ತಾದದ್ದು ಜಪಾನಿನಲ್ಲಿ. ಕ್ಯೂಶೂ ದ್ವೀಪದ ಕಲ್ಲಿದ್ದಲು ಗಣಿಗಳಲ್ಲಿ ನೀರು ನಿಂತ ಸುರಂಗಗಳಲ್ಲಿ ದುಡಿಯುವ ಕೂಲಿಗಳಿಗೆ ಜ್ವರ ಬರುತ್ತಿತ್ತು. ಇನಾಡಾ ಮತ್ತು ಇಡೊ ಎಂಬ ವೈದ್ಯರು 1914ರಿಂದ 1916ರವರೆಗೆ ಆ ಗಣಿಯವರ ರಕ್ತದಲ್ಲಿ ಹುಡುಕಿ ಸುರುಳಿ ಕ್ರಿಮಿಯನ್ನು ಹಿಡಿದರು. 1917ರಲ್ಲಿ ಇಲಿಯೇ ಅದರ ವಾಹಕವೆಂದು ತೋರಿಸಿದರು. ಬೆಟ್ಟ ಅಗೆದು ಇಲಿ ಹಿಡಿದರು ಎಂದು ನಾವು ಹಂಗಿಸುವುದುಂಟು. ಅವರು ನಿಜವಾಗಿಯೂ ಹಾಗೆಯೇ ಮಾಡಿದರು. ಅದರಿಂದ ಸಾವಿರಾರು ಕೂಲಿಗಳ ಜೀವ ಉಳಿಯುವ ದಾರಿ ತೆರೆಯಿತು.

ನಮ್ಮ ದೇಶದ ಕಥೆ ಬೇರೆ. ಅಂಡಮಾನಿನಲ್ಲಿ ಬ್ರಿಟಿಷರು ಕೈದಿಗಳನ್ನು ದುಡಿಸುತ್ತಿದ್ದ ಕಾಲದಲ್ಲಿ, ಅಲ್ಲಿಯ ಜ್ವರಕ್ಕೆ ಇದೇ ಕ್ರಿಮಿ ಕಾರಣವೆಂದು ಟೇಲರ್ ಮತ್ತು ಗೋಯ್ಲೆ ಎಂಬ ವೈದ್ಯರು 1931ರಲ್ಲಿ ಬರೆದಿಟ್ಟರು. ಆಮೇಲೆ ಅದನ್ನು ಎಲ್ಲರೂ ಮರೆತರು. 1988ರಿಂದ ಅದೇ ಅಂಡಮಾನಿನಲ್ಲಿ ಜನ ರಕ್ತ ಕೆಮ್ಮಿ ಸಾಯತೊಡಗಿದಾಗ ಕಾರಣ ತಿಳಿಯದೆ 'ಅಂಡಮಾನ್ ರಕ್ತಸ್ರಾವ ಜ್ವರ' ಎಂದು ಹೆಸರಿಟ್ಟರು. ಅದು ಇಲಿ ಜ್ವರವೇ ಎಂದು ಗೊತ್ತಾಗಲು 1990ರ ದಶಕದ ನಡುಭಾಗ ಬರಬೇಕಾಯಿತು. ಒಮ್ಮೆ ಕಲಿತ ಪಾಠವನ್ನು ಮರೆತರೆ ಅದರ ಬೆಲೆಯನ್ನು ತೆರುವವನು ಗದ್ದೆಯಲ್ಲಿ ನಿಂತವನು.

ಈ ಸುರುಳಿ ಕ್ರಿಮಿಗಳ ಬಳಗದಲ್ಲಿ ಇನ್ನಿಬ್ಬರನ್ನು ಹೇಳಿದರೆ ನಮ್ಮ ಮಾತು ಸ್ಪಷ್ಟವಾದೀತು. ಒಂದು, ಹಳೆಯ ವೈದ್ಯಗ್ರಂಥಗಳು ಫಿರಂಗ ರೋಗವೆಂದು ಕರೆದ ಸಿಫಿಲಿಸ್. ಅದರ ಕ್ರಿಮಿಯನ್ನು 1905ರಲ್ಲಿ ಜರ್ಮನಿಯಲ್ಲಿ ಕಂಡುಹಿಡಿದರು. ಚಿಕಿತ್ಸೆಯಿಲ್ಲದೆ ಬಿಟ್ಟರೆ ವರ್ಷಗಳ ಮೇಲೆ ಅದು ಮಿದುಳಿಗೂ ಏರಿ ಬುದ್ಧಿ ಕೆಡಿಸಬಲ್ಲದು. ಹುಚ್ಚಾಸ್ಪತ್ರೆಯಲ್ಲಿ ಸತ್ತವರ ಮಿದುಳಿನಲ್ಲಿ ಆ ಕ್ರಿಮಿ 1913ರಲ್ಲಿ ಕಾಣಿಸಿತು. ಜನ ಮಾತ್ರ ಅದನ್ನು ಪಾಪದ ಫಲವೆಂದರು, ನಾಚಿಕೆಯಿಂದ ಬಚ್ಚಿಟ್ಟರು. ಅದಕ್ಕೂ ಮದ್ದು ಪೆನಿಸಿಲಿನ್ನೇ. ಇನ್ನೊಂದು, ಹೊಟ್ಟೆ ಹುಣ್ಣು. ಮೆಣಸಿನಕಾಯಿ ತಿಂದದ್ದಕ್ಕೆ, ಚಿಂತೆ ಮಾಡಿದ್ದಕ್ಕೆ ಹುಣ್ಣಾಯಿತು ಎಂದು ವೈದ್ಯರೂ ಹೇಳುತ್ತಿದ್ದರು. ಹೆಚ್ಚಿನ ಹುಣ್ಣುಗಳಿಗೆ ಜಠರದಲ್ಲಿ ವಾಸಿಸುವ ಒಂದು ಸುರುಳಿ ಕ್ರಿಮಿ ಕಾರಣವೆಂದು ಆಸ್ಟ್ರೇಲಿಯಾದ ವಾರನ್ ಮತ್ತು ಮಾರ್ಷಲ್ ತೋರಿಸಿದರು. ಜನ ನಂಬಲಿಲ್ಲವೆಂದು ಮಾರ್ಷಲ್ 1984ರಲ್ಲಿ ಆ ಕ್ರಿಮಿಯನ್ನು ತಾನೇ ಕುಡಿದು ಕಾಯಿಲೆ ತಂದುಕೊಂಡ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂತು. ಈಗ ಎರಡು ವಾರದ ಗುಳಿಗೆಗಳಲ್ಲಿ ಆ ಹುಣ್ಣು ವಾಸಿಯಾಗುತ್ತದೆ.

ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದರಲ್ಲಿ ರೋಗಿ ಪಾಪಿ, ಇನ್ನೊಂದರಲ್ಲಿ ರೋಗಿ ಬಾಯಿಚಪಲದವನು, ಮೂರನೆಯದರಲ್ಲಿ ರೋಗಿ ಕುಡುಕ. ಕಾರಣ ಹುಡುಕುವುದಕ್ಕಿಂತ ರೋಗಿಯ ಮೇಲೆ ತಪ್ಪು ಹೊರಿಸುವುದು ಸುಲಭ. ಕುಡಿತ ಕೆಟ್ಟದ್ದೇ, ಅದರಿಂದ ಪಿತ್ತಜನಕಾಂಗ ಹಾಳಾಗುವುದೂ ನಿಜವೇ. ಆದರೆ ಜ್ವರದ ಜೊತೆಗೆ ಬಂದ ಕಾಮಾಲೆಯನ್ನೆಲ್ಲ ಕುಡಿತದ ಲೆಕ್ಕಕ್ಕೆ ಬರೆದುಬಿಟ್ಟರೆ ಗೋದಾಮು, ಚರಂಡಿ, ಗದ್ದೆ ಮೂರೂ ನಿರಪರಾಧಿಗಳಾಗುತ್ತವೆ.

ಇನ್ನು ನಮ್ಮ ಊರಿನ ಕಸುಬುಗಳಿಗೆ ಬರೋಣ. ದಾವಣಗೆರೆಯನ್ನು ಮ್ಯಾಂಚೆಸ್ಟರ್ ಎನ್ನಿಸಿದ ಹತ್ತಿ ಗಿರಣಿಗಳ ಕಾಲ ಮುಗಿಯಿತು. ಆ ಮನೆಗಳ ಮಕ್ಕಳು ಈಗ ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿ, ಮಾರುಕಟ್ಟೆಯ ಹಮಾಲಿ, ಪಾಲಿಕೆಯ ಗುತ್ತಿಗೆ ಕೆಲಸಗಳಲ್ಲಿ ಹಂಚಿಹೋಗಿದ್ದಾರೆ. ಮಂಡಕ್ಕಿಗೆ ಭತ್ತ ನೆನೆಹಾಕುವ ತೊಟ್ಟಿಯ ನೀರಿನಲ್ಲಿ ಕೈಕಾಲು ನೆನೆಯುತ್ತದೆ. ಗದ್ದೆಯಲ್ಲಿ ನಾಟಿ ಹಚ್ಚುವ ಹೆಂಗಸರು ದಿನವಿಡೀ ಕೆಸರಿನಲ್ಲಿ ಬಾಗಿರುತ್ತಾರೆ. ಪೌರಕಾರ್ಮಿಕರ ಪಾಡು ಹೇಳಬೇಕಾದ್ದಿಲ್ಲ. ಇಲ್ಲಿ ವ್ಯಾಪಾರಿಗಳು ಗಾಬರಿಯಾಗಬಾರದು. ಭಟ್ಟಿಯ ಬಿಸಿಯಲ್ಲಿ ಈ ಕ್ರಿಮಿ ಬದುಕಲಾರದು. ಬೇಯಿಸಿದ ಅನ್ನದಿಂದಾಗಲಿ ಹುರಿದ ಮಂಡಕ್ಕಿಯಿಂದಾಗಲಿ ಭಯವಿಲ್ಲ. ಮನುಷ್ಯನಿಂದ ಮನುಷ್ಯನಿಗೂ ಸಾಮಾನ್ಯವಾಗಿ ಹರಡುವುದಿಲ್ಲ. ಭಯವಿರುವುದು ದುಡಿಯುವವನಿಗೆ, ಮತ್ತು ಅಂಗಡಿಯ ಹಿಂದಿನ ಕೋಣೆಯಲ್ಲಿ ಚೀಲ ಸರಿಸುವ ಸಣ್ಣ ವ್ಯಾಪಾರಿಗೂ. ಅವನೂ ದುಡಿಯುವವನೇ.

ಕಾಯಿದೆ ಏನು ಹೇಳುತ್ತದೆ? 1923ರ ಕಾಮಗಾರರ ಪರಿಹಾರ ಕಾಯಿದೆಯ ಮೂರನೆಯ ಪಟ್ಟಿಯಲ್ಲಿ ಕಸುಬಿನಿಂದ ಬರುವ ರೋಗಗಳನ್ನು ಹೆಸರಿಸಿದ್ದರು. ಸೋಂಕು ತಗಲುವ ವಿಶೇಷ ಅಪಾಯವಿರುವ ಕೆಲಸದಲ್ಲಿ ತಗಲಿದ ಸೋಂಕು ರೋಗ, ಪ್ರಾಣಿಗಳಿಂದ ಮಲಿನವಾಗಿರಬಹುದಾದ ಸರಕನ್ನು ಮುಟ್ಟುವ ಕೆಲಸ, ಇವೆಲ್ಲ ಆ ಪಟ್ಟಿಯಲ್ಲಿದ್ದವು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಕಸುಬಿನ ರೋಗಗಳ ಪಟ್ಟಿಯನ್ನು ಇಟ್ಟುಕೊಂಡಿದೆ. ಎಂದರೆ, ಇಲಿ ಓಡಾಡಿದ ಚೀಲ ಹೊತ್ತು ಜ್ವರ ಬಂದವನಿಗೆ ಪರಿಹಾರ ಕೇಳುವ ದಾರಿ ಕಾಯಿದೆಯಲ್ಲಿ ಇದೆ. ಆದರೆ ಚೀಟಿಯಲ್ಲಿ ಕಸುಬು ಬರೆಯದಿದ್ದರೆ, ರೋಗದ ಹೆಸರು ಬರೆಯದಿದ್ದರೆ, ಬರಿಯ 'ಜ್ವರ' ಎಂದು ಬರೆದರೆ, ಯಾವ ಅಧಿಕಾರಿಯ ಮುಂದೆ ಏನನ್ನು ಹಿಡಿದು ನಿಲ್ಲುವುದು? ಸರಕಾರದ ರೋಗ ಕಣ್ಗಾವಲಿನ ವರದಿಯಲ್ಲಿ ಇಲಿ ಜ್ವರಕ್ಕೂ ಒಂದು ಸಾಲಿದೆ. ರಕ್ತ ನೋಡದೆ ಇದ್ದರೆ ಆ ಸಾಲಿನಲ್ಲಿ ಸೊನ್ನೆ ಬೀಳುತ್ತದೆ. ಸೊನ್ನೆ ಬಿದ್ದರೆ ಜಿಲ್ಲೆಯಲ್ಲಿ ರೋಗವೇ ಇಲ್ಲವೆಂದು ಆಗುತ್ತದೆ. ರೋಗವಿಲ್ಲದ ಜಿಲ್ಲೆಗೆ ಗುಳಿಗೆ ಏಕೆ, ಬೂಟು ಏಕೆ?

ಆದುದರಿಂದ ಆಗಬೇಕಾದ ಕೆಲಸಗಳನ್ನು ಸ್ಪಷ್ಟವಾಗಿ ಹೇಳುತ್ತೇವೆ.

ಒಂದು: ಜಿಲ್ಲೆಯ ಪ್ರತಿಯೊಂದು ಸರಕಾರಿ ಆಸ್ಪತ್ರೆಯಲ್ಲಿ, ಚಿಗಟೇರಿ ಆಸ್ಪತ್ರೆಯಿಂದ ಹಿಡಿದು ಹಳ್ಳಿಯ ಪ್ರಾಥಮಿಕ ಕೇಂದ್ರದವರೆಗೆ, ಜ್ವರವೆಂದು ಬಂದವರ ಚೀಟಿಯಲ್ಲಿ ಕಸುಬನ್ನು ಬರೆಯತಕ್ಕದ್ದು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಎರಡು: ಹರಿಹರದ ತಾಲೂಕು ಆಸ್ಪತ್ರೆಯಲ್ಲಿ ಈ ರೋಗದ ರಕ್ತಪರೀಕ್ಷೆ ಸಿಗತಕ್ಕದ್ದು. ರಕ್ತದಲ್ಲಿ ಗುರುತು ಕಾಣಲು ಜ್ವರ ಬಂದು ಐದಾರು ದಿನವಾದರೂ ಆಗಬೇಕು. ಅಲ್ಲಿಯವರೆಗೆ ಕಾಯದೆ, ಕಸುಬು ಮತ್ತು ಲಕ್ಷಣ ನೋಡಿ ವೈದ್ಯರು ಗುಳಿಗೆ ಆರಂಭಿಸಲು ಸಾಕಷ್ಟು ದಾಸ್ತಾನು ಇರತಕ್ಕದ್ದು.

ಮೂರು: ನೆರೆ ಇಳಿದ ಕೂಡಲೆ ಕೆಸರಿನಲ್ಲಿ ದುಡಿಯುವವರಿಗೆ ವಾರಕ್ಕೊಮ್ಮೆ ನುಂಗುವ ತಡೆಗುಳಿಗೆಯನ್ನು ವೈದ್ಯರ ಸಲಹೆಯಂತೆ ಕೊಡಬೇಕು. 2018ರ ಮಹಾಪ್ರವಾಹದ ನಂತರ ಕೇರಳ ಸರಕಾರ ಡಾಕ್ಸಿಸೈಕ್ಲಿನ್ ಅನ್ನು ಹೀಗೆಯೇ ಹಂಚಿತು. ಅಲ್ಲಿ ಆದದ್ದು ಇಲ್ಲಿ ಏಕೆ ಆಗಬಾರದು? ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಈ ಗುಳಿಗೆ ಆಗದು ಎಂಬುದನ್ನೂ ತಿಳಿಸಿ ಹೇಳಬೇಕು.

ನಾಲ್ಕು: ಪಾಲಿಕೆ, ನಗರಸಭೆ, ಗಿರಣಿ, ಭಟ್ಟಿ ಎಲ್ಲಿಯೇ ಆಗಲಿ, ನೀರಿನಲ್ಲಿ ಕೆಸರಿನಲ್ಲಿ ನಿಲ್ಲುವವರಿಗೆ ಮೊಳಕಾಲ ಬೂಟು ಮತ್ತು ಕೈಗವಸು ಕೊಡಿಸತಕ್ಕದ್ದು. ಗುತ್ತಿಗೆದಾರ ಕೊಟ್ಟನೇ ಎಂಬುದನ್ನು ಬಿಲ್ಲು ಪಾಸು ಮಾಡುವ ಮುನ್ನ ಅಧಿಕಾರಿ ತಾನೇ ನೋಡಬೇಕು. ಸಣ್ಣ ಭಟ್ಟಿಯವರಿಗೆ ಇದು ಭಾರವಾದರೆ ಕಾರ್ಮಿಕ ಇಲಾಖೆ ಕೈ ಹಿಡಿಯಬೇಕು.

ಐದು: ಉಕ್ಕಡಗಾತ್ರಿಯ ಘಟ್ಟದಲ್ಲಿ ಬಿದ್ದ ಬಟ್ಟೆ, ಎಂಜಲೆಲೆ, ಕೊಳೆತ ಹೂವು ಕಾಯಿಗಳನ್ನು ಅಮಾವಾಸ್ಯೆ ಮುಗಿದ ಮರುದಿನವೇ ತೆಗೆಸಬೇಕು. ಎಂಜಲು ಇರುವಲ್ಲಿ ಇಲಿ ಇರುತ್ತದೆ. ತೆಗೆಯುವವರಿಗೂ ಬೂಟು ಬೇಕು. ಬರುವ ಲಕ್ಷಾಂತರ ಭಕ್ತರಿಗಾಗಿ, ಜ್ವರವಿದ್ದರೆ ಮೊದಲು ಆಸ್ಪತ್ರೆ ಎಂದು ದೊಡ್ಡ ಅಕ್ಷರದಲ್ಲಿ ಗುಡಿಯ ಮುಂದೆಯೇ ಬರೆಸಬೇಕು. ಅಜ್ಜಯ್ಯನ ದರ್ಶನ ಗುಣವಾದ ಮೇಲೂ ಮಾಡಬಹುದು.

ಸರಕಾರ ಮಾಡುವವರೆಗೆ ನಾವು ಸುಮ್ಮನೆ ಕೂರಬೇಕೆಂದಲ್ಲ. ಅಂಗಡಿಯವರು ಚೀಲಗಳನ್ನು ನೆಲದ ಮೇಲೆ ಪೇರಿಸದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ಬಿಟ್ಟು ಇಡಲಿ, ಕಸವನ್ನು ರಾತ್ರಿ ಹೊರಗೆ ಚೆಲ್ಲದಿರಲಿ, ಬಿಲ ಮುಚ್ಚಿಸಲಿ. ಕೆಲಸ ಬಿಟ್ಟ ಕೂಡಲೆ ಕೈಕಾಲನ್ನು ಸೋಪು ಹಚ್ಚಿ ತೊಳೆಯಿರಿ. ಗಾಯವಿದ್ದರೆ ಪಟ್ಟಿ ಕಟ್ಟಿಕೊಂಡು ನೀರಿಗಿಳಿಯಿರಿ. ಎರಡು ದಿನ ಜ್ವರ ಬಿಡದೆ ಮೀನಖಂಡ ನೋಯುತ್ತಿದ್ದರೆ, ಕಣ್ಣು ಕೆಂಪಾಗಿದ್ದರೆ, ಮೂರನೆಯ ದಿನಕ್ಕೆ ಕಾಯಬೇಡಿ.

ಈ ಕ್ರಿಮಿಗೆ ವಿಜ್ಞಾನಿಗಳು ಇಟ್ಟ ಹೆಸರಿನಲ್ಲಿ ಪ್ರಶ್ನೆ ಎಂಬ ಅರ್ಥದ ಒಂದು ಮಾತಿದೆ. ಬಾಗಿದ ತುದಿಯಿಂದ ಅದು ಪ್ರಶ್ನೆ ಚಿಹ್ನೆಯಂತೆ ಕಾಣುತ್ತದೆಯಂತೆ. ಅದು ಹಾಕುವ ಪ್ರಶ್ನೆಗೆ ಉತ್ತರ ನಮ್ಮ ಬಾಯಲ್ಲೇ ಇದೆ. ವೈದ್ಯರು ಕೇಳಿದರೆ ಸಂತೋಷ. ಕೇಳದಿದ್ದರೆ ನೀವೇ ಹೇಳಿ: "ನಾನು ಗೋದಾಮಿನಲ್ಲಿ ಚೀಲ ಹೊರ್ತೀನ್ರೀ", "ನಾನು ಗದ್ದಿ ನಾಟಿಗೆ ಹೋಗಿದ್ದೆ", "ನಾನು ಚರಂಡಿ ತೆಗೀತೀನಿ". ನಾಚಿಕೆ ಬೇಡ. ಹೇಳಿ, ಚೀಟಿಯಲ್ಲಿ ಬರೆಯಿಸಿ, ಆ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಪಕ್ಕದ ಮನೆಯವರಿಗೂ ಹೇಳಿಕೊಡಿ.